ಐಸ್ ಬಾಕ್ಸಿನ ಕೆಳಗಿನ ಪಾಲು

ಕಾವೂರಿನ ಮೀನು ಮಾರ್ಕೆಟಿನಲ್ಲಿ ನಾವು ಹದಿನಾಲ್ಕು ಮಂದಿ ಹೆಂಗಸರು ಕೂರುತ್ತಿದ್ದೆವು. ಉದ್ದದ ಸಿಮೆಂಟ್ ಕಟ್ಟೆ, ತಲೆಯ ಮೇಲೆ ಶೀಟು, ಕಾಲ ಬುಡದಲ್ಲಿ ಚರಂಡಿ. ಯಾವ ಜಾಗ ಯಾರದೆಂದು ಎಲ್ಲಿಯೂ ಬರೆದಿಲ್ಲ, ಆದರೆ ತಪ್ಪಿ ಕೂತವರು ಯಾರೂ ಇಲ್ಲ. ನನ್ನದು ಗೇಟಿನಿಂದ ಮೂರನೆಯ ಜಾಗ. ನಾಲ್ಕನೆಯದರಲ್ಲಿ, ನನ್ನ ಬಲಬದಿಗೆ, ಕೂರುತ್ತಿದ್ದವಳ ವಿಷಯ ಬರೆಯುತ್ತಿದ್ದೇನೆ. ಅವಳ ಹೆಸರು ಹಾಕುವುದಿಲ್ಲ. ಹಾಕಿದರೆ ಬೈಯುತ್ತಾಳೆ. ಅವಳದ್ದು ಹಾಕದ ಮೇಲೆ ಬೇರೆಯವರದ್ದೂ ಬೇಡ. ನಮ್ಮೊಳಗಿನ ಮಾತು ತುಳುವಿನಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ, ನನಗೆ ಬರೆಯಲು ಬರುವುದು ಅದೊಂದೇ.

ಅವಳು ನನ್ನ ಗೆಳತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಕೂರುವವಳು, ಅಷ್ಟೆ. ಗಿರಾಕಿ ನನ್ನ ಬಂಗುಡೆ ನೋಡುತ್ತಿರುವಾಗಲೇ ಅವಳು ತನ್ನ ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸುತ್ತಿದ್ದಳು. ನಾನೂ ಹಾಗೆಯೇ ಮಾಡುತ್ತಿದ್ದೆ. ಬೆಳಿಗ್ಗೆ ಬೈದಾಡಿಕೊಂಡು ಮಧ್ಯಾಹ್ನ ಅವಳ ಬುತ್ತಿಯ ಚಟ್ನಿ ನಾನು, ನನ್ನ ಬುತ್ತಿಯ ಉಪ್ಪಿನಕಾಯಿ ಅವಳು ತಿನ್ನುತ್ತಿದ್ದೆವು. ನನ್ನ ಗಂಡ ಸತ್ತಾಗ ಹದಿನಾರು ದಿನ ನಾನು ಮಾರ್ಕೆಟಿಗೆ ಹೋಗಲಿಲ್ಲ. ಅಷ್ಟೂ ದಿನ ಅವಳು ಹರಾಜಿನಲ್ಲಿ ಎರಡು ಬುಟ್ಟಿ ಮೀನು ಹಿಡಿದು, ಒಂದನ್ನು ನನ್ನ ಜಾಗದಲ್ಲಿಟ್ಟು ಮಾರಿ, ಬಂದದ್ದನ್ನು ನನ್ನ ಸೊಸೆಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಹದಿನೇಳನೆಯ ದಿನ ನಾನು ಹೋಗಿ ಕೂತಾಗ, "ಬಂದೆಯಾ? ನಿನ್ನ ಚೂರಿ ಮೊಂಡಾಗಿದೆ, ಉಜ್ಜಿಸು" ಎಂದಳು. 

ನನ್ನ ಮನೆ ಕುದ್ರೋಳಿಯಲ್ಲಿ. ಬಂದರ್‌ನ ದಕ್ಕೆಗೆ ನಡೆದೇ ಹೋಗಬಹುದು. ದಕ್ಕೆ ಎಂದರೆ ಬೋಟುಗಳು ಬಂದು ಮೀನು ಇಳಿಸುವ ಜಾಗ. ಅಲ್ಲಿ ಮೀನು ಹರಾಜಿಗಿಟ್ಟು ಏಲಂ ಕೂಗುತ್ತಾರೆ. ಕೂಗುವವನ ಬಾಯಿ ನೋಡಬೇಕು, ಮೀನಿನ ಕಣ್ಣು ನೋಡಬೇಕು, ಗಂಡಸರ ಮೊಣಕೈಗಳ ನಡುವೆ ಜಾಗ ಮಾಡಿಕೊಳ್ಳಬೇಕು. ಕಾಲಡಿಯಲ್ಲಿ ಮೀನಿನ ನೀರು, ಜಾರುತ್ತದೆ. ಅವಳ ಮನೆ ಕಾವೂರಿನಲ್ಲೇ ಇತ್ತು, ಕೆರೆಯ ಆಚೆ ಬದಿ. ಆದರೂ ದಿನಾ ಮೊದಲ ಬಸ್ಸಿಗೆ ದಕ್ಕೆಗೆ ಬಂದು, ಮೀನು ಹಿಡಿದು, ನಮ್ಮೆಲ್ಲರ ಜೊತೆ ಟೆಂಪೊ ಹತ್ತಿ ಮತ್ತೆ ಕಾವೂರಿಗೆ ಹೋಗಬೇಕು. ಆ ಟೆಂಪೊಗೆ ಮೆಟ್ಟಿಲಿಲ್ಲ. ಹಿಂದಿನ ಹಲಗೆ ಹಿಡಿದು ಹತ್ತಬೇಕು.

ಅವಳ ಎರಡೂ ಮೊಣಕಾಲು ಹೋಗಿದ್ದವು. ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ದಿನಾ ದಕ್ಕೆಯಲ್ಲಿ ನಿಲ್ಲುವ ಹಾಗಿಲ್ಲ ಎಂದಿದ್ದರು. ದಿನ ಬಿಟ್ಟು ದಿನ ಹೋದರೆ ಇನ್ನು ಕೆಲವು ವರ್ಷ ನಡೆಯಬಹುದು, ಇಲ್ಲದಿದ್ದರೆ ಇಲ್ಲ ಎಂದರಂತೆ. ಆದರೆ ದಿನ ಬಿಟ್ಟು ದಿನ ಹೋಗುವುದು ಹೇಗೆ? ಎರಡು ದಿನದ ಮೀನನ್ನು ಒಂದೇ ದಿನ ಹಿಡಿದರೆ ಅದನ್ನು ಇಡುವುದು ಎಲ್ಲಿ? ಬುಟ್ಟಿಯ ಮೀನು ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತದೆ. ಸಂಜೆ ಉಳಿದದ್ದನ್ನು ಮೀನಿನ ಹುಡಿ ಮಾಡುವ ಫ್ಯಾಕ್ಟರಿಯ ಗಾಡಿಯವನು ಮೂಗು ಮುಚ್ಚಿಕೊಂಡು, ಅವನು ಹೇಳಿದ ರೇಟಿಗೆ ಎತ್ತಿಕೊಂಡು ಹೋಗುತ್ತಾನೆ. ಅಂಗಡಿಯಲ್ಲಿ ಸಿಗುವ ಬಿಳಿ ತರ್ಮಾಕೋಲು ಪೆಟ್ಟಿಗೆ ಒಂದು ತಿಂಗಳಿಗೆ ಮುರಿಯುತ್ತದೆ. ದೊಡ್ಡ ಬಾಕ್ಸ್ ನಮ್ಮ ಕೈಗೆ ಸಿಗುವ ವಸ್ತುವಲ್ಲ.

ಹೀಗಿರುವಾಗ ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿದ ಮೇಲೆ ಒಬ್ಬಳು ಫೈಲು ಹಿಡಿದುಕೊಂಡು ಮಾರ್ಕೆಟಿಗೆ ಬಂದಳು. ಮೂವತ್ತರ ಆಸುಪಾಸು. ಘಟ್ಟದ ಮೇಲಿನವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು. ದೂರದ ಊರಿನ ಯಾವುದೋ ಸಂಸ್ಥೆ. ಸಣ್ಣ ವ್ಯಾಪಾರ ಮಾಡುವ ಹೆಂಗಸರ ಬಗ್ಗೆ ಅಧ್ಯಯನ ಮಾಡುತ್ತಾರಂತೆ. ಫೈಲು ಹಿಡಿದ ಹೆಂಗಸರನ್ನೆಲ್ಲ ನಾವು ಟೀಚರ್ ಎನ್ನುವುದು. ಅವಳಿಗೂ ಅದೇ ಹೆಸರಾಯಿತು.

ಅವಳು ಹೇಳಿದ್ದು ಇಷ್ಟು. ಹದಿನಾಲ್ಕು ಮಂದಿಯಲ್ಲಿ ಏಳು ಮಂದಿಗೆ ದೊಡ್ಡ ಐಸ್ ಬಾಕ್ಸ್ ಕೊಡುತ್ತಾರೆ. ಉಳಿದ ಏಳು ಮಂದಿಗೆ ಕೊಡುವುದಿಲ್ಲ. ಬೇರೆ ಮಾರ್ಕೆಟುಗಳಲ್ಲೂ ಹೀಗೆಯೇ. ಒಂದು ವರ್ಷ ವಾರ ವಾರ ಬಂದು ಹದಿನಾಲ್ಕು ಮಂದಿಯನ್ನೂ ಕೇಳುತ್ತಾರೆ. ಬಾಕ್ಸ್ ಇದ್ದವರಿಗೆ ಇಲ್ಲದವರಿಗಿಂತ ಒಳ್ಳೆಯದಾಗಿದೆ ಎಂದು ಗೊತ್ತಾದರೆ ಸರ್ಕಾರದವರು ಜಿಲ್ಲೆಯ ಮೀನು ಮಾರುವ ಹೆಂಗಸರಿಗೆಲ್ಲ ಬಾಕ್ಸ್ ಕೊಡುತ್ತಾರೆ. ಅಧಿಕಾರಿಗಳ ಹತ್ತಿರ ಮಾತಾಗಿದೆ.

"ಮೊಣಕಾಲು ಹೋದವಳಿಗೆ ಒಂದು ಕೊಡಿ ಮೊದಲು. ಏಳು ಮಂದಿ ಯಾರು ಅಂತ ನಾವೇ ಹೇಳ್ತೇವೆ," ಎಂದೆ ನಾನು.

"ಹಾಗೆ ಮಾಡೋಕಾಗಲ್ಲ ಅಮ್ಮ. ಚೀಟಿ ಎತ್ತಬೇಕು."

"ಚೀಟಿ ಎಂತಕ್ಕೆ? ಇದೆಂತ ಲಾಟರಿಯಾ?"

ಅವಳು ಸಿಟ್ಟಾಗಲಿಲ್ಲ. ಕಟ್ಟೆಯ ತುದಿಯಲ್ಲಿ ಒದ್ದೆಯಲ್ಲೇ ಕೂತು ವಿವರಿಸಿದಳು. ಕಷ್ಟ ಇದ್ದವರಿಗೆ ಮಾತ್ರ ಕೊಟ್ಟರೆ ಅವರ ವ್ಯಾಪಾರ ಕಡಿಮೆ ಇದ್ದರೆ ಅದು ಅವರ ಕಷ್ಟದಿಂದಲೋ ಬಾಕ್ಸ್ ಪ್ರಯೋಜನಕ್ಕೆ ಬಾರದ್ದರಿಂದಲೋ ತಿಳಿಯುವುದಿಲ್ಲ. ಜೋರಿನವರಿಗೆ ಕೊಟ್ಟರೆ ಅವರು ಹೇಗೂ ಹೆಚ್ಚು ಮಾರುತ್ತಾರೆ. ಚೀಟಿ ಎತ್ತಿದರೆ ಎರಡು ಬದಿಯೂ ಒಂದೇ ತರ ಇರುತ್ತದೆ, ಬಾಕ್ಸ್ ಒಂದೇ ವ್ಯತ್ಯಾಸ. ನನಗೆ ಅರ್ಥವಾಯಿತು. ಒಂದೇ ಮೀನನ್ನು ಎರಡು ತುಂಡು ಮಾಡಿ ಒಂದಕ್ಕೆ ಉಪ್ಪು ಹಾಕಿ ಒಂದಕ್ಕೆ ಹಾಕದೆ ನೋಡಿದ ಹಾಗೆ. ಮೂರನೇ ಕ್ಲಾಸಿಗೆ ಬಿಟ್ಟವಳಾದರೂ ಅಷ್ಟು ತಲೆಗೆ ಹೋಗುತ್ತದೆ.

ಬಕೆಟಿನಲ್ಲಿ ಚೀಟಿ ಹಾಕಿದರು. ನನ್ನದರಲ್ಲಿ ನೀಲಿ ಚುಕ್ಕಿ ಇತ್ತು. ಬಲಬದಿಯವಳದ್ದು ಖಾಲಿ.

"ಚೀಟಿ ಬದಲು ಮಾಡ್ತೇವೆ ಟೀಚರ್. ನನ್ನದು ಅವಳಿಗೆ," ಎಂದೆ.

"ಇಲ್ಲ ಅಮ್ಮ, ಹೆಸರು ಬರೆದಾಯ್ತು. ಬದಲಾಯಿಸಿದ್ರೆ ಲೆಕ್ಕ ತಪ್ಪುತ್ತೆ. ಬಾಕ್ಸನ್ನ ನೀವೊಬ್ಬರೇ ಬಳಸಬೇಕು, ಬೇರೆಯವರಿಗೆ ಕೊಡಬಾರದು."

ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಅದರಲ್ಲಿ ಎಂತೆಂತ ಬರೆದಿತ್ತೋ ಓದಿ ಹೇಳಿದಳು. ಉದ್ದ ಇತ್ತು. ನಮಗೆ ತಲೆಯಲ್ಲಿ ಉಳಿದದ್ದು ಒಂದೇ: ಬೇರೆಯವರಿಗೆ ಕೊಟ್ಟರೆ ಬಾಕ್ಸ್ ವಾಪಸ್ಸು ತೆಗೆದುಕೊಂಡು ಹೋಗುತ್ತಾರೆ. ಅವಳು ಹಾಗೆ ಹೇಳಲಿಲ್ಲ. ನಾವು ಹಾಗೆಂದು ತಿಳಿದುಕೊಂಡೆವು. ಸಹಿ ಹಾಕಿಸಿಕೊಂಡು ಕೊಟ್ಟದ್ದು ಯಾವುದಿದ್ದರೂ ವಾಪಸ್ಸು ಹೋಗುತ್ತದೆ ಎಂದು ನಮ್ಮ ಲೆಕ್ಕ.

ಬಾಕ್ಸ್ ಬಂತು. ನೀಲಿ ಬಣ್ಣ, ದಪ್ಪ ಗೋಡೆ, ಮುಚ್ಚಳಕ್ಕೆ ಎರಡು ಕೊಂಡಿ, ಕೆಳಗೆ ನೀರು ಬಿಡಲು ತೂತು. ಇಬ್ಬರು ಹಿಡಿದರೆ ಮಾತ್ರ ಏಳುತ್ತಿತ್ತು. ಐಸ್ ತರುವ ಕಾಕ ನೋಡಿ, "ಹೆಣ ಹೊರುವ ಮಯ್ಯತ್ತಿನ ಪೆಟ್ಟಿಗೆಯ ಹಾಗೆ ಉಂಟಲ್ಲ ಮಾರಾಯ್ತಿ, ನೀನೇ ಮಲಗಬಹುದು" ಎಂದ. "ಮೊದಲು ನೀವು ಮಲಗಿ ಕಾಕ, ಅಳತೆ ನೋಡುವಾ," ಎಂದಳು ಬಲಬದಿಯವಳು.

ಅವತ್ತು ಸಂಜೆ ನನ್ನದು ಸ್ವಲ್ಪ ಮೀನು ಉಳಿದಿತ್ತು, ಅವಳದ್ದೂ ಉಳಿದಿತ್ತು. ನಾನು ಬಾಕ್ಸ್ ತೆರೆದೆ. ಅವಳು ತನ್ನದನ್ನು ತಂದು ಹಾಕಿದಳು. ಹಾಕಲಾ ಎಂದು ಅವಳು ಕೇಳಲಿಲ್ಲ, ಹಾಕು ಎಂದು ನಾನು ಹೇಳಲಿಲ್ಲ. ನಮ್ಮ ಕಟ್ಟೆಯಲ್ಲಿ ಐಸ್ ಒಬ್ಬಳದ್ದು ಎಂದು ಇರುವುದಿಲ್ಲ. ಒಬ್ಬಳದ್ದು ಕರಗಿದರೆ ಪಕ್ಕದವಳ ಬುಟ್ಟಿಯಿಂದ ಒಂದು ಹಿಡಿ ಎತ್ತಿಕೊಳ್ಳುವುದು. ಚೂರಿ, ನೀರು, ಗೋಣಿ ಚೀಲ ಎಲ್ಲವೂ ಹಾಗೆ. ಪಕ್ಕದವಳ ಮೀನು ಕೊಳೆಯುತ್ತಿರುವಾಗ ತನ್ನ ಬಾಕ್ಸಿಗೆ ಕೊಂಡಿ ಹಾಕಿ ಕೂರುವವಳು ಆ ಕಟ್ಟೆಯಲ್ಲಿ ಮರುದಿನ ಕೂರಲಾರಳು. ಚೀಟಿಯಲ್ಲಿ ಚುಕ್ಕಿ ಸಿಕ್ಕ ಏಳು ಮಂದಿಯಲ್ಲಿ ಆರು ಮಂದಿ ಇದೇ ಮಾಡಿದರು. ಏಳನೆಯವಳು ಗೋಡೆ ಬದಿಯವಳು, ಅವಳ ಪಕ್ಕದವಳಿಗೂ ಚೀಟಿಯಲ್ಲಿ ಬಾಕ್ಸ್ ಸಿಕ್ಕಿತ್ತು.

ಕೆಳಗೆ ಅವಳ ಪಾಲು, ಮೇಲೆ ನನ್ನದು, ನಡುವೆ ಗೋಣಿ ಚೀಲ. ಅವಳದ್ದು ಕೆಳಗೆ ಯಾಕೆಂದರೆ, ಟೀಚರ್ ಮುಚ್ಚಳ ತೆಗೆದು ನೋಡಿದರೆ ಮೇಲಿನದ್ದು ಮಾತ್ರ ಕಾಣಬೇಕು.

ಟೀಚರ್ ಮಂಗಳವಾರ ಬರುತ್ತಿದ್ದಳು, ಹನ್ನೊಂದು ಗಂಟೆಗೆ. ಅವಳ ಛತ್ರಿ ಗೇಟಿನಲ್ಲಿ ಕಂಡ ಕೂಡಲೇ ಮೊದಲನೆಯ ಜಾಗದವಳು ಕೆಮ್ಮುತ್ತಿದ್ದಳು. ಆರು ಬಾಕ್ಸಿನ ಮುಚ್ಚಳ ತೆರೆದು ಆರು ಮಂದಿಯ ಕೆಳಗಿನ ಪಾಲು ಹೊರಗೆ ಬರುತ್ತಿತ್ತು. ಬುಟ್ಟಿಗೆ ಬಿದ್ದು, ಮೇಲೊಂದು ಹಿಡಿ ಐಸ್ ಬಿದ್ದು, ಎಲ್ಲರೂ ನೊಣ ಓಡಿಸುತ್ತ ಕೂರುವುದು.

ಅವಳ ಪ್ರಶ್ನೆಗಳು ಒಂದು ಪುಸ್ತಕದಷ್ಟು. ಎಷ್ಟು ಹೊತ್ತು ಕೆಲಸ ಮಾಡಿದಿರಿ? ಎಷ್ಟು ಮೀನು ಉಳಿಯಿತು, ಎಷ್ಟು ಎಸೆದಿರಿ? ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ದೊಡ್ಡ ಸಾಮಾನು ತರುವುದಿದ್ದರೆ ಯಾರು ತೀರ್ಮಾನ ಮಾಡುತ್ತಾರೆ? "ಸಾಮಾನೇ ತರುವುದಿಲ್ಲ, ತೀರ್ಮಾನ ಎಂತಕ್ಕೆ?" ಎಂದಳು ಬಲಬದಿಯವಳು. ಅದಕ್ಕೂ ಒಂದು ನಂಬರ್ ಇತ್ತು. ಕೊನೆಗೆ ಒಂದು ಚಿತ್ರ ತೋರಿಸುತ್ತಿದ್ದಳು. ಏಣಿ. ಹತ್ತು ಮೆಟ್ಟಿಲು. ತುಂಬ ಒಳ್ಳೆಯ ಬದುಕು ಮೇಲೆ, ತುಂಬ ಕೆಟ್ಟ ಬದುಕು ಕೆಳಗೆ. ನೀವು ಈಗ ಎಲ್ಲಿ ನಿಂತಿದ್ದೀರಿ?

"ನಿಂತಿಲ್ಲ, ಕೂತಿದ್ದೇನೆ," ಎಂದೆ.

"ಏಣಿ ಹತ್ತಲಿಕ್ಕೆ ಮೊಣಕಾಲು ಬೇಡವಾ ಟೀಚರ್? ನನ್ನನ್ನು ಕೆಳಗೇ ಬರೀರಿ," ಎಂದಳು ಅವಳು.

ಟೀಚರ್ ನಕ್ಕಳು. ನಕ್ಕ ಮೇಲೆ ಬರೆದಳು.

ಪ್ರಶ್ನೆಗಳಿಗೆ ನಾವು ಸುಳ್ಳು ಹೇಳಿದ್ದಲ್ಲ. ಉಳಿದದ್ದು ಎಷ್ಟು ಎಂದು ಕೇಳಿದರೆ ಉಳಿದದ್ದೇ ಹೇಳುತ್ತಿದ್ದೆವು. ಎಸೆದದ್ದು ಎಷ್ಟು ಎಂದರೆ ಎಸೆಯಲಿಲ್ಲ ಎಂದು ಬಲಬದಿಯವಳೂ ಹೇಳುತ್ತಿದ್ದಳು. ಅದು ಸತ್ಯವೇ, ಅವಳು ಎಸೆಯುತ್ತಿರಲಿಲ್ಲ. ನಿಮ್ಮ ಹತ್ತಿರ ಬಾಕ್ಸ್ ಇದೆಯಾ ಎಂದರೆ ಇಲ್ಲ ಎನ್ನುತ್ತಿದ್ದಳು. ಅದೂ ಸತ್ಯ. ನಿಮ್ಮ ಮೀನು ಯಾರ ಬಾಕ್ಸಿನಲ್ಲಿ ಉಂಟು ಎಂಬ ಪ್ರಶ್ನೆ ಆ ಪುಸ್ತಕದಲ್ಲಿ ಇರಲಿಲ್ಲ.

ಒಂದು ಮಂಗಳವಾರ ಟೀಚರ್ ಹೊಸದೊಂದು ತಂದಳು. ಕಡ್ಡಿಯ ಹಾಗಿನ ಮಿಷನ್, ಮೀನಿಗೆ ಚುಚ್ಚಿದರೆ ತಂಪು ಎಷ್ಟು ಎಂದು ನಂಬರ್ ಬರುತ್ತದೆ. ನನ್ನ ಬಾಕ್ಸಿನ ಮೀನಿಗೆ ಚುಚ್ಚಿ ಬರೆದುಕೊಂಡಳು. ಬಲಬದಿಯವಳ ಬುಟ್ಟಿಯ ಮೀನಿಗೆ ಚುಚ್ಚಿದಳು. ನೋಡಿದಳು. ಮಿಷನನ್ನು ಅಂಗೈಗೆ ಬಡಿದಳು. ಮತ್ತೆ ಚುಚ್ಚಿದಳು.

"ಇದು ಕೆಟ್ಟಿದೆಯೇನೋ. ನಿಮ್ಮ ಮೀನು ಅವರದ್ದಕ್ಕಿಂತ ತಣ್ಣಗಿದೆಯಲ್ಲ ಅಮ್ಮ. ಬಾಕ್ಸ್ ಇಲ್ದೆ ಹೇಗೆ?"

ತಣ್ಣಗಿರದೆ ಎಂತ? ಕೆಳಗಿನ ಪಾಲು, ಆಗಷ್ಟೇ ಹೊರಗೆ ಬಂದದ್ದು.

"ನನ್ನ ಕೈಯೇ ಹಾಗೆ ಟೀಚರ್," ಎಂದು ಅವಳು ಕೈ ಚಾಚಿದಳು. "ಮುಟ್ಟಿ ನೋಡಿ. ಈ ಕೈ ಇಟ್ಟರೆ ಮೀನಿಗೆ ಐಸ್ ಬೇಡ."

ಟೀಚರ್ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಮ್ಮೆಲ್ಲರ ಕೈಯೂ ಹಾಗೆಯೇ. ವರ್ಷಗಟ್ಟಲೆ ಐಸಿನಲ್ಲಿದ್ದ ಬೆರಳಿಗೆ ಬಿಸಿ ಯಾವುದು ತಣ್ಣಗೆ ಯಾವುದು ಎಂದು ಬೇಗ ಗೊತ್ತಾಗುವುದಿಲ್ಲ. ನಾನು ಒಲೆಯ ಮೇಲಿನ ಪಾತ್ರೆ ಬರಿಗೈಯಲ್ಲಿ ಇಳಿಸುತ್ತೇನೆ. ಸೊಸೆ ಕೂಗುತ್ತಾಳೆ. ನನಗೆ ಎಂತದೂ ಆಗುವುದಿಲ್ಲ.

ಅಷ್ಟರಲ್ಲಿ ನರ್ಸ್ ಬಾಯಿ ಬಂದರು. ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಿ ಎನ್ನುವುದು. ಗಲ್ಫಿನಲ್ಲಿ ನರ್ಸ್ ಆಗಿದ್ದು ಈಗ ಇಲ್ಲೇ ಮನೆ ಕಟ್ಟಿಸಿ ಕೂತವರು, ದಿನಾ ಮೀನು ಬೇಕು. ಬುಟ್ಟಿ ನೋಡಿ ಜೋರಾಗಿ, "ಇದೆಂತ ಇವತ್ತು, ನಿನ್ನ ಮೀನು ಯಾವಾಗಲೂ ಇವಳ ಬಾಕ್ಸಿಂದ..." ಎನ್ನುವಷ್ಟರಲ್ಲಿ ಬಲಬದಿಯವಳು ಅವರ ಚೀಲಕ್ಕೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ನರ್ಸ್ ಬಾಯಿ ಅಲ್ಲಿಗೆ ನಿಲ್ಲಿಸಿದರು. ಮುಂದಿನ ಮಂಗಳವಾರವೂ ಸರಿಯಾಗಿ ಹನ್ನೊಂದು ಗಂಟೆಗೇ ಬಂದರು.

ಅರ್ಧ ಬಾಕ್ಸಿನಿಂದ ಅವಳಿಗೆ ಸಂಜೆಯ ನಷ್ಟ ತಪ್ಪಿತು. ಗಾಡಿಯವನಿಗೆ ಕೊಡುವುದು ನಿಂತಿತು. ಆದರೆ ದಕ್ಕೆಗೆ ಹೋಗುವುದು ತಪ್ಪಲಿಲ್ಲ. ಎರಡು ದಿನದ ಮೀನು ಇಡಬೇಕಾದರೆ ಇಡೀ ಬಾಕ್ಸ್ ಬೇಕು. ಅವಳು ದಿನಾ ಬರುತ್ತಿದ್ದಳು. ಟೆಂಪೊದ ಹಲಗೆ ಹಿಡಿದು ನಿಂತು, ಒಳಗಿನಿಂದ ಇಬ್ಬರು ಎಳೆದು, ಕೆಳಗಿನಿಂದ ನಾನು ದೂಡಿ ಹತ್ತಿಸುವುದು.

"ಒಂದು ವರ್ಷ ಅಲ್ವಾ. ಮುಂದಿನ ವರ್ಷ ಎಲ್ಲರಿಗೂ ಕೊಡ್ತಾರೆ. ಅಲ್ಲಿವರೆಗೆ ಈ ಕಾಲು ಎಳೀತದೆ," ಎನ್ನುತ್ತಿದ್ದಳು. ಡಾಕ್ಟರಿಗೂ ಅದನ್ನೇ ಹೇಳಿದಳು.

ನನ್ನ ಬಾಕ್ಸನ್ನೇ ಪೂರಾ ಅವಳಿಗೆ ಬಿಟ್ಟುಕೊಡಬಹುದಿತ್ತು. ಚೀಟಿ ಎತ್ತಿದ ದಿನ ಕೊಡುತ್ತೇನೆ ಎಂದವಳು ನಾನೇ. ಒಂದು ತಿಂಗಳು ಬಾಕ್ಸ್ ಇಟ್ಟುಕೊಂಡ ಮೇಲೆ ಕೊಡಲು ಮನಸ್ಸು ಬರಲಿಲ್ಲ. ನನಗೂ ವಯಸ್ಸಾಗಿದೆ. ಅವಳು ಕೇಳಲೂ ಇಲ್ಲ. ಅರ್ಧ ಕೊಟ್ಟಿದ್ದೇನೆ ಎಂದು ನಾನು ಸುಮ್ಮನಿದ್ದೆ.

ಮರುವರ್ಷ ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವಾಗ ನಮ್ಮನ್ನೆಲ್ಲ ಪೇಟೆಯ ಒಂದು ಹೋಟೆಲಿನ ಹಾಲಿಗೆ ಕರೆದರು. ಎಸಿ ಹಾಕಿದ್ದರು. ಬೇರೆ ಮಾರ್ಕೆಟಿನ ಹೆಂಗಸರೂ ಇದ್ದರು, ಅಲ್ಲಿಯೂ ಬಾಕ್ಸ್ ಹಂಚಿಕೊಂಡೇ ಇದ್ದದ್ದಂತೆ. ಟೀಚರ್‌ಗಿಂತ ಮೇಲಿನ ಸಾರ್ ಒಬ್ಬರು ಬಂದಿದ್ದರು. ಅಧಿಕಾರಿ ಒಬ್ಬರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮೊದಲು ಚಾ ಮತ್ತು ಕಟ್ಲೆಟ್ ಕೊಟ್ಟರು. ಬಲಬದಿಯವಳು ಅಲ್ಲಿಯೂ ನನ್ನ ಬಲಬದಿಗೇ ಕೂತಿದ್ದಳು. ಸೀರೆ ಹೊಸದು. ಬಾಕ್ಸಿನ ಹೆಸರು ಬರೆಸುವುದು ಇವತ್ತೇ ಇರಬಹುದು ಎಂದು ಆಧಾರ್ ಕಾರ್ಡು ತಂದಿದ್ದಳು.

ಗೋಡೆಯ ಮೇಲೆ ಚಿತ್ರ ಬಿತ್ತು. ಎರಡು ಕಂಬ. ಒಂದು ನೀಲಿ, ಒಂದು ಕಪ್ಪು. ನೀಲಿ ಬಾಕ್ಸ್ ಇದ್ದವರು, ಕಪ್ಪು ಇಲ್ಲದವರು. ಎರಡೂ ಒಂದೇ ಎತ್ತರ. ಇನ್ನೊಂದು ಚಿತ್ರ, ಮತ್ತೊಂದು ಚಿತ್ರ. ಮೀನು ಉಳಿದದ್ದು, ಎಸೆದದ್ದು, ಏಣಿಯ ಮೆಟ್ಟಿಲು. ಎಲ್ಲ ಕಂಬವೂ ಅಕ್ಕಪಕ್ಕ ಒಂದೇ ಎತ್ತರ ನಿಂತಿದ್ದವು.

ಸಾರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಟೀಚರ್ ಕನ್ನಡದಲ್ಲಿ ಹೇಳಿದಳು. ಬಾಕ್ಸಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಂಗಸರು ಬಾಕ್ಸ್ ಇಲ್ಲದೆಯೂ ಚೆನ್ನಾಗಿ ನಿಭಾಯಿಸುತ್ತಿದ್ದಾರೆ. ಹಾಗಾಗಿ ಸರ್ಕಾರ ಇದಕ್ಕೆ ಹಣ ಹಾಕುವುದಕ್ಕಿಂತ ಬೇರೆ ಯೋಜನೆ ನೋಡುವುದು ಒಳ್ಳೆಯದು. ಅಧಿಕಾರಿ ತಲೆಯಾಡಿಸಿದರು. ಚೆನ್ನಾಗಿ ನಿಭಾಯಿಸುತ್ತಿದ್ದೀರಿ ಎಂದದ್ದಕ್ಕೆ ಹಿಂದೆ ಕೂತ ಕೆಲವರು ಚಪ್ಪಾಳೆ ಹೊಡೆದರು.

ಎರಡು ಕಂಬ ಯಾಕೆ ಒಂದೇ ಎತ್ತರ ಎಂದು ನನಗೆ ಕೂಡಲೇ ಗೊತ್ತಾಯಿತು. ಒಂದು ತುಂಡಿಗೆ ಉಪ್ಪು ಹಾಕಿ, ಒಂದಕ್ಕೆ ಹಾಕದೆ, ಮತ್ತೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಇಟ್ಟರೆ ರುಚಿ ಬೇರೆ ಇರುತ್ತದಾ? ನಾನು ಎದ್ದು ನಿಲ್ಲಲು ಕುರ್ಚಿಯ ಕೈ ಹಿಡಿದೆ. ಅವಳು ನನ್ನ ತೊಡೆ ಚಿವುಟಿದಳು.

"ಕೂತ್ಕೊ."

"ಹೇಳ್ತೇನೆ ನಾನು."

"ಕೂತ್ಕೊ ಮಾರಾಯ್ತಿ. ನೀನು ಬಾಯಿ ಬಿಟ್ಟರೆ ನನಗೆ ಬರುವುದಂತೂ ಇಲ್ಲ, ನಿಮ್ಮ ಏಳು ಬಾಕ್ಸೂ ಎತ್ತಿಕೊಂಡು ಹೋಗ್ತಾರೆ. ಮತ್ತೆ ನಾನು ಮೀನು ಎಲ್ಲಿ ಇಡುವುದು? ನಿನ್ನ ತಲೆ ಮೇಲಾ?"

ನಾನು ಕೂತೆ. ಅವಳು ಆಧಾರ್ ಕಾರ್ಡನ್ನು ಕವರಿಗೆ ಹಾಕಿ, ಕವರನ್ನು ಚೀಲಕ್ಕೆ ಹಾಕಿ, ಪ್ಲೇಟಿನಲ್ಲಿ ಉಳಿದಿದ್ದ ಅರ್ಧ ಕಟ್ಲೆಟ್ ತಿಂದಳು.

ಬೋಟುಗಳು ಮತ್ತೆ ಇಳಿದವು. ಅವಳು ಎರಡು ತಿಂಗಳು ಬಂದಳು. ಮೂರನೆಯ ತಿಂಗಳಲ್ಲಿ ಒಂದು ದಿನ ಟೆಂಪೊದಿಂದ ಇಳಿಯಲು ಆಗಲಿಲ್ಲ. ಬಿದ್ದದ್ದಲ್ಲ. ಹಲಗೆಯ ಮೇಲೆ ಕೂತಳು, ಕಾಲು ಕೆಳಗೆ ಇಳಿಯಲಿಲ್ಲ. ನಾವು ನಾಲ್ಕು ಮಂದಿ ಬುಟ್ಟಿ ಇಳಿಸುವ ಹಾಗೆ ಅವಳನ್ನು ಇಳಿಸಿದೆವು. ನಾಳೆಯಿಂದ ನಿನ್ನ ಮೀನನ್ನೂ ನಾನೇ ಹಿಡಿದು ತರುತ್ತೇನೆ, ನೀನು ಮಾರ್ಕೆಟಿಗೆ ಬಂದು ಕೂತರೆ ಸಾಕು ಎಂದೆ. ಒಪ್ಪಿದಳು.

ಮೂರು ವಾರ ನಡೆಯಿತು. ತನ್ನ ಕಣ್ಣಿನಿಂದ ನೋಡದ ಮೀನನ್ನು ಮಾರುವುದು ಅವಳಿಂದಾಗಲಿಲ್ಲ. ಗಿರಾಕಿ ಎದುರಿನಲ್ಲೇ ಶುರು ಮಾಡುತ್ತಿದ್ದಳು.

"ಇದೆಂತ ತಂದದ್ದು? ಕಣ್ಣು ನೋಡು ಇದರದ್ದು, ನಿನ್ನ ಅತ್ತೆಯ ಕಣ್ಣಿನ ಹಾಗೆ ಉಂಟು."

"ದಕ್ಕೆಯಲ್ಲಿ ಇವತ್ತು ಇದ್ದದ್ದೇ ಇದು."

"ಇದ್ದದ್ದು ಇದಲ್ಲ. ನಿನ್ನ ಬುಟ್ಟಿಯಲ್ಲಿ ಬೇರೆ ಉಂಟು."

"ಒಂದೇ ರಾಶಿಯದ್ದು! ಒಂದೇ ರಾಶಿಯನ್ನು ಎರಡು ಮಾಡಿದ್ದೇನೆ."

"ಎರಡು ಮಾಡುವಾಗ ನಿನ್ನ ಕೈ ಯಾವ ಬದಿಗೆ ಹೋಗ್ತದೆ ಅಂತ ನನಗೆ ಗೊತ್ತಿಲ್ವಾ?"

ಅದು ಸುಳ್ಳು. ನಾನು ಸರಿಯಾಗಿಯೇ ಪಾಲು ಮಾಡುತ್ತಿದ್ದೆ. ನಾನೂ ಬೈದೆ. ಹಾಗಾದರೆ ನಿನ್ನ ಕಾಲು ತೆಗೆದುಕೊಂಡು ನೀನೇ ಹೋಗು ಎಂದೆ. ಅವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳ ಜಾಗ ಒಂದು ತಿಂಗಳು ಖಾಲಿ ಇತ್ತು. ಆಮೇಲೆ ನನ್ನ ಬುಟ್ಟಿ ಸ್ವಲ್ಪ ಆಚೆ ಸರಿಯಿತು. ಎಡಬದಿಯವಳದ್ದೂ ಸರಿಯಿತು. ಬಾಕ್ಸಿನ ಕೆಳಗೆ ನನ್ನ ಮೀನು ಹಾಕಲು ಶುರು ಮಾಡಿದೆ. ಬರೀ ನನ್ನ ಮೀನಿಗೆ ಆ ಬಾಕ್ಸ್ ದೊಡ್ಡದಾಯಿತು, ಐಸ್ ಹೆಚ್ಚು ಬೇಕಾಗುತ್ತದೆ. ಕಾಕ ಸುಮ್ಮನೆ ಹಾಕಿ ಹೋಗುತ್ತಾನೆ, ತಮಾಷೆ ಮಾಡುವುದಿಲ್ಲ.

ಬೇಸಗೆಯಲ್ಲಿ ಟೀಚರ್ ಮತ್ತೆ ಬಂದಳು. ಒಂದು ವರ್ಷ ಕಳೆದ ಮೇಲೆ ಯಾರು ಹೇಗಿದ್ದಾರೆ ಎಂದು ಇನ್ನೊಂದು ಸಲ ಕೇಳಬೇಕಂತೆ. ಪಟ್ಟಿಯಲ್ಲಿ ಹದಿನಾಲ್ಕು ಹೆಸರು, ಕಟ್ಟೆಯಲ್ಲಿ ಹದಿಮೂರು ಮಂದಿ.

"ಇವರು ಎಲ್ಲಿ?" ಎಂದು ನನ್ನನ್ನು ಕೇಳಿದಳು.

"ಬಿಟ್ಟಳು."

"ಯಾಕೆ ಬಿಟ್ರು?" ಅವಳ ಕಾಗದದಲ್ಲಿ ಉತ್ತರಗಳು ಮೊದಲೇ ಇದ್ದವು. ಓದಿದಳು. ಬೇರೆ ಊರಿಗೆ ಹೋದರು, ಬೇರೆ ಕೆಲಸ ಸಿಕ್ಕಿತು, ಮನೆಯವರು ಬೇಡ ಎಂದರು, ಅನಾರೋಗ್ಯ, ಮರಣ, ಇತರೆ.

ಆಗ ನಾನು ಹೇಳಿದೆ. ಮೊದಲಿನಿಂದ ಹೇಳಿದೆ. ಕೆಳಗಿನ ಪಾಲು, ಗೋಣಿ ಚೀಲ, ಗೇಟಿನವಳ ಕೆಮ್ಮು, ತಣ್ಣಗಿನ ಮೀನು. ಮುಚ್ಚಳ ತೆಗೆದು ಎಲ್ಲಿಯವರೆಗೆ ಅವಳದ್ದು, ಎಲ್ಲಿಂದ ನನ್ನದು ಎಂದು ಕೈಯಲ್ಲಿ ತೋರಿಸಿದೆ. ಬೇರೆಯವರೂ ಕೇಳಿಸಿಕೊಂಡರು, ಯಾರೂ ತಡೆಯಲಿಲ್ಲ. ಟೀಚರ್ ಬರೆಯುವುದನ್ನು ನಿಲ್ಲಿಸಿದ್ದಳು.

"ಇದನ್ನ ಆವಾಗಲೇ ಯಾಕೆ ಹೇಳಲಿಲ್ಲ ಅಮ್ಮ?"

"ಬಾಕ್ಸ್ ತೆಗೆದುಕೊಂಡು ಹೋಗ್ತೀರಿ ಅಂತ."

"ಬಾಕ್ಸ್ ನಿಮ್ಮದೇ. ಏನೇ ಆದ್ರೂ ನಾವು ವಾಪಸ್ ತಗೊಳ್ತಾ ಇರಲಿಲ್ಲ. ಅವತ್ತು ಓದಿದ ಕಾಗದದಲ್ಲೇ ಇತ್ತು ಅದು."

 ಒಬ್ಬಳು ಗಿರಾಕಿ ಬಂದಳು, ಅವಳಿಗೆ ಮೀನು ಕೊಯ್ದು ಕೊಟ್ಟೆ. ಟೀಚರ್ ಅಷ್ಟೂ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಹೇಳಿದಳು, ವರದಿ ಅಚ್ಚಾಗಿ ಹೋಗಿದೆ. ಮೇಲಿನವರಿಗೆ ಬರೆಯುತ್ತೇನೆ. ಇನ್ನು ಮುಂದೆ ಎಲ್ಲಿಯಾದರೂ ಮಾಡುವುದಿದ್ದರೆ ಹೆಂಗಸರಿಗೆ ಚೀಟಿ ಎತ್ತಿಸಬಾರದು, ಮಾರ್ಕೆಟಿಗೇ ಎತ್ತಬೇಕು. ಒಂದು ಮಾರ್ಕೆಟಿನಲ್ಲಿ ಎಲ್ಲರಿಗೂ ಕೊಟ್ಟು, ಇನ್ನೊಂದರಲ್ಲಿ ಯಾರಿಗೂ ಕೊಡದೆ ನೋಡಬೇಕು. ಆಗ ಸರಿಯಾಗಿ ತಿಳಿಯುತ್ತದೆ.

"ಈಗ ಅವಳಿಗೆ ಬಾಕ್ಸ್ ಸಿಗ್ತದಾ?"

"ಅದು ಈಗ ನಮ್ಮ ಕೈಯಲ್ಲಿಲ್ಲ ಅಮ್ಮ."

ಅವಳನ್ನು ನೋಡಬೇಕು ಎಂದಳು ಟೀಚರ್. ಮೀನನ್ನು ಎಡಬದಿಯವಳಿಗೆ ಒಪ್ಪಿಸಿ ಕರೆದುಕೊಂಡು ಹೋದೆ. ಜಗಳವಾದ ಮೇಲೆ ನಾನೂ ಹೋಗಿರಲಿಲ್ಲ. ಕೆರೆಯ ಬದಿಯ ದಾರಿ, ಹತ್ತು ನಿಮಿಷ. ಅವಳು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಡಿಲ ತುಂಬ ಬೇರೆಯವರ ರವಿಕೆಗಳು. ಟೈಲರ್ ಅಂಗಡಿಗೆ ಹುಕ್ಕು ಹೊಲಿದು ಕೊಡುತ್ತಾಳಂತೆ. ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಳು. ಸೂಜಿ ಚುಚ್ಚಿ ರಕ್ತ ಬಂದರೂ ಬೆರಳಿಗೆ ತಿಳಿಯುವುದಿಲ್ಲ, ರವಿಕೆಗೆ ಕಲೆಯಾಗಿ ಬೈಸಿಕೊಂಡ ಮೇಲೆ ಬಟ್ಟೆ ಸುತ್ತಿಕೊಂಡೆ ಎಂದಳು.

ಟೀಚರ್ ಫೈಲು ತೆರೆದಳು. "ಮೀನು ಮಾರೋದು ಯಾಕೆ ಬಿಟ್ರಿ ಅಮ್ಮ?"

"ಮೊಣಕಾಲು."

"ಬೇರೆ ಏನಾದ್ರೂ ಕಾರಣ ಇದೆಯಾ?"

"ಬೇರೆ ಎಂತ ಇರ್ತದೆ? ಮೊಣಕಾಲು."

ಟೀಚರ್ ನನ್ನ ಮುಖ ನೋಡಿದಳು. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಹೇಳಿ ಆಗಿದೆ ಎಂದು ಅವಳಿಗೆ ಹೇಳಲಿಲ್ಲ. ಟೀಚರೂ ಹೇಳಲಿಲ್ಲ. ಅನಾರೋಗ್ಯ ಎಂಬಲ್ಲಿ ಗುರುತು ಹಾಕಿದಳು. ಏಣಿಯ ಚಿತ್ರ ತೆಗೆದಳು, ಮತ್ತೆ ಅದನ್ನು ತೋರಿಸದೆ ಫೈಲಿನೊಳಗೇ ಇಟ್ಟಳು. ನೀರು ಕುಡಿದು, ಹೋಗಿಬರುತ್ತೇನೆ ಎಂದು ಹೋದಳು.

ನಾವಿಬ್ಬರೇ ಉಳಿದೆವು. ಅವಳು ಒಂದು ಹುಕ್ಕು ಹೊಲಿದು ದಾರ ಹಲ್ಲಿನಲ್ಲಿ ಕತ್ತರಿಸಿದಳು.

"ಬಾಕ್ಸಿನ ಕೊಂಡಿ ಸರಿ ಉಂಟಾ?"

"ಒಂದು ಹೋಗಿದೆ. ಹಗ್ಗ ಕಟ್ಟಿದ್ದೇನೆ."

"ನೀನು ಎಳೆಯುವುದೇ ಹಾಗೆ. ಹೋಗದೆ ಎಂತ?" ಇನ್ನೊಂದು ರವಿಕೆ ಎತ್ತಿಕೊಂಡಳು. "ಇಲ್ಲಿ ಸೈಕಲಿನವನು ತರುವ ಮೀನು ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ. ನಾಳೆ ಬೂತಾಯಿ ತಾ. ನೋಡಿ ತಾ."

ಮರುದಿನ ಬೆಳಿಗ್ಗೆ ದಕ್ಕೆಯಲ್ಲಿ ಬೂತಾಯಿಯ ರಾಶಿಯಿಂದ ಹತ್ತು ಆರಿಸಿ ಬೇರೆ ಇಟ್ಟೆ. ಒಂದೊಂದರ ಕಣ್ಣು ನೋಡಿದೆ. ಬಾಕ್ಸಿನ ಕೆಳಗೆ ಇಟ್ಟು, ಮಧ್ಯಾಹ್ನ ವ್ಯಾಪಾರ ತಗ್ಗಿದ ಮೇಲೆ ಐಸ್ ಸಮೇತ ಕವರಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಕವರು ಬಿಚ್ಚಿ, ಬಟ್ಟಲಿಗೆ ಹಾಕಿ, ಒಂದೊಂದನ್ನೇ ಎತ್ತಿ ನೋಡಿದಳು. ಒಂಬತ್ತು ಇಟ್ಟುಕೊಂಡಳು. ಒಂದನ್ನು ವಾಪಸ್ಸು ಕೊಟ್ಟಳು.